ಟವೆಲಿನ ಕೆಳಗಿನ ಕೈ

ಕೆಲಸಕ್ಕೆ ಸೇರಿದ ಮೊದಲ ದಿನವೇ ಗೋಪಿ, ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥೆ ತುಂಗಾಬಾಯಿಯವರಿಗೆ, ಅವರ ಗಂಡ ತೀರಿಕೊಂಡದ್ದಕ್ಕೆ ಸಂತಾಪ ಹೇಳಿದ. ಗಂಡ ಬದುಕಿದ್ದರು ಎಂಬುದೊಂದೇ ಅದರಲ್ಲಿದ್ದ ತೊಡಕು.

ಪೂರ್ತಿ ಅವನದೇ ತಪ್ಪು ಎನ್ನುವಂತೆಯೂ ಇರಲಿಲ್ಲ. ಮೇಡಂ ಕೂರುವ ಕುರ್ಚಿಯ ಹಿಂದಿನ ಗೋಡೆಯಲ್ಲಿ ದಪ್ಪ ಮೀಸೆಯ ಗಂಡಸೊಬ್ಬರ ಫೋಟೋ ಇತ್ತು. ಅದಕ್ಕೆ ಗಂಧದ ಹಾರ, ಹಾರದ ಮೇಲೊಂದು ಕೆಂಪು ಬಲ್ಬು. ಗಂಟೆಗಿಷ್ಟು ಎಂದು ದುಡಿಯುವ ಅತಿಥಿ ಉಪನ್ಯಾಸಕನಿಗೆ ಮೇಲಿನವರ ಮನಸ್ಸು ಗೆಲ್ಲುವ ಅವಸರ ಇದ್ದೇ ಇರುತ್ತದೆ. ಕೈಕಟ್ಟಿ ನಿಂತು, ಫೋಟೋದತ್ತ ಕಣ್ಣೆತ್ತಿ, “ಸಾರ್ ಇಲ್ದೆ ನಿಮ್ಗೆ ತುಂಬಾ ಕಷ್ಟ ಆಗಿರ್ಬೇಕು ಮೇಡಂ” ಎಂದ. ಅಷ್ಟರಲ್ಲಿ ಊಟದ ಡಬ್ಬಿ ಹಿಡಿದ ಸಣಕಲು ಮುದುಕರೊಬ್ಬರು ಬಾಗಿಲಲ್ಲಿ ಇಣುಕಿದರು. ಗೋಪಿ ಅವರನ್ನು ಮೆಲ್ಲಗೆ ತಡೆದು, “ಅಯ್ಯಾ, ಸ್ವಲ್ಪ ಆಚೆ ಇರಿ. ಮೇಡಂ ದುಃಖದಾಗವ್ರೆ” ಎಂದ. ಮುದುಕರು ವಿಧೇಯರಾಗಿ ಹೊರಗೆ ನಿಂತರು.

“ಒಳಗೆ ಬನ್ನಿ ಇವರೇ,” ಎಂದು ತುಂಗಾಬಾಯಿ ಕೂಗಿದರು. “ನೀವು ಹೋಗ್ಬಿಟ್ಟಿದೀರಂತೆ. ಈ ಹುಡುಗ ಹೇಳ್ತಿದಾನೆ.”

“ಹೌದಾ?” ಎಂದರು ಮೇಡಂ ಅವರ ಗಂಡ ವೆಂಕಟರಾಮ, ಡಬ್ಬಿ ಹಿಡಿದೇ ಒಳಗೆ ಬಂದು. “ಊಟ ಮಾಡಿ ಹೋಗ್ಬಹುದಲ್ವಾ?”

ಅದೇ ಮೀಸೆಯ ಫೋಟೋ ಆಫೀಸಿನಲ್ಲಿ, ಗ್ರಂಥಾಲಯದಲ್ಲಿ, ಕಡೆಗೆ ಕ್ಯಾಂಟೀನಿನ ವಡೆ ಬಾಣಲೆಯ ಮೇಲೂ ತೂಗಾಡುತ್ತಿರುವುದನ್ನು ಗೋಪಿ ಸಂಜೆಯೊಳಗೆ ಕಂಡ. ಅದು ಕಾಲೇಜು ಕಟ್ಟಿಸಿದ ಧಣಿಯ ಫೋಟೋ. ಮರುದಿನ ಕ್ಷಮೆ ಕೇಳಲು ಹೋದಾಗ ಮೇಡಂ ನಗಲಿಲ್ಲ. ಅವನನ್ನೇ ನೋಡಿ, “ಕಂಡದ್ದಕ್ಕೆಲ್ಲ ತಕ್ಷಣ ಒಂದು ಸಂಬಂಧ ಕಟ್ಟಿ ಬಾಯಿ ಬಿಟ್ಟುಬಿಡ್ತೀಯ ನೀನು. ನಿನ್ನ ಬಾಯಿ ಕಂಡ್ರೆ ನನಗೆ ಸ್ವಲ್ಪ ಹೆದರಿಕೆ ಆಗ್ತದಪ್ಪ” ಎಂದರು. ಗೋಪಿ ಅದನ್ನು ತಮಾಷೆ ಎಂದುಕೊಂಡ. ಅವನ ಎರಡನೆಯ ತಪ್ಪು ತಿಳಿವಳಿಕೆ ಅದು. ಅದಕ್ಕೆ ಯಾರೂ ನಗುವಂತಿರಲಿಲ್ಲ.

ತುಂಗಾಬಾಯಿ ಸೇಲಂನವರು. ತಂದೆ ಅಲ್ಲಿನ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು; ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಸಿಟ್ಟು ಬಂದರೆ ಇಂಗ್ಲಿಷು. ಓದು ಮುಗಿದ ಹೊಸತರಲ್ಲೇ ಮೇಡಂ ಧರ್ಮಪುರಿಗೆ ಬಂದು ಮನೆ ಮಾಡಿ, ಊರ ಹೊರಗೆ ಹೆದ್ದಾರಿ ಪಕ್ಕದ ಈ ಖಾಸಗಿ ಕಾಲೇಜಿಗೆ ಸೇರಿದರು. ಆಗ ವಿಭಾಗವೆಂದರೆ ಒಂದು ಮೇಜು, ಕಾಲು ಮುರಿದ ಎರಡು ಬೆಂಚು. ಈಗ ಬರುವ ಮೇ ತಿಂಗಳಿಗೆ ನಿವೃತ್ತಿ. ಈ ನಡುವೆ ಒಂದು ತಲೆಮಾರು ದಾಟಿತ್ತು. ಸೇಲಂಗೆ ಗಳಿಗೆಗೊಂದು ಬಸ್ಸು. ಮೇಡಂ ಹತ್ತಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ತವರಿನ ಮಾತು ಬಂದರೆ ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು, ಅಷ್ಟೆ.

ಅವರ ಹೆಸರು ಹಬ್ಬಿದ್ದು ಬರೆದ ಪುಸ್ತಕದಿಂದಲ್ಲ, ತಯಾರು ಮಾಡಿದ ಮೇಷ್ಟರುಗಳಿಂದ. ಹೊಸದಾಗಿ ಬಂದ ಉಪನ್ಯಾಸಕರು ಯಾರೇ ಇರಲಿ, ಮೊದಲ ಕೆಲವು ವಾರ ಮೇಡಂ ಅವರ ತರಗತಿಯ ಕೊನೆಯ ಬೆಂಚಿನಲ್ಲಿ ಕಣ್ಣುಮುಚ್ಚಿ ಕೂತಿರುತ್ತಿದ್ದರು. ನಿದ್ದೆ ಹೋಗಿದ್ದಾರೆಂದು ಗೋಪಿ ಒಮ್ಮೆ ಅರ್ಧ ಪಾಠ ಹಾರಿಸಿ ನೋಡಿದ. ಹೊರಬರುವಾಗ ಮೇಡಂ, “ಹಾರಿಸಿದ ಜಾಗದಲ್ಲಿ ನಿನ್ನ ದನಿ ದಪ್ಪ ಆಯ್ತು. ಗೊತ್ತಿಲ್ಲದ ಕಡೆ ಎಲ್ಲರ ದನಿಯೂ ದಪ್ಪ ಆಗ್ತದೆ” ಎಂದರು. ಇಂಥ ಪೆಟ್ಟು ತಿಂದವರು ಕೊಯಮತ್ತೂರು, ಈರೋಡು, ಕೃಷ್ಣಗಿರಿಯ ಕಾಲೇಜುಗಳಲ್ಲಿ ಹರಡಿಕೊಂಡಿದ್ದರು. ದೀಪಾವಳಿಗೆ ಎಲ್ಲರ ಫೋನೂ ಬರುತ್ತಿತ್ತು.

ಮೇಡಂ ಹೊಸಬರನ್ನು ಮೇಚೇರಿಯ ಕುರಿ ಸಂತೆಗೂ ಕರೆದೊಯ್ಯುತ್ತಿದ್ದರು. ಗೋಪಿಯದು ಪೆನ್ನಾಗರಂ ಕಡೆಯ ಕುರಿ ಸಾಕುವ ಮನೆ. ಸಂತೆಯನ್ನು ತನಗೆ ತೋರಿಸುವುದೆಂದರೆ ಏನೆಂದು ಒಳಗೊಳಗೇ ನಕ್ಕುಕೊಂಡೇ ಹೋದ. ಅಲ್ಲಿ ಇಬ್ಬರು ದಲ್ಲಾಳಿಗಳು ಎದುರುಬದುರು ನಿಂತು, ಕೈ ಕೈ ಹಿಡಿದು, ಮೇಲೊಂದು ಟವೆಲ್ ಹೊದಿಸಿಕೊಂಡು, ಬೆರಳು ಮುಟ್ಟಿ ಮುಟ್ಟಿಯೇ ಕುರಿ ವ್ಯಾಪಾರ ಮಾಡುತ್ತಿದ್ದರು. ಸುತ್ತ ನಿಂತವರಿಗೆ ಟವೆಲಿನ ಅಲುಗಾಟ ಮಾತ್ರ ಕಾಣಿಸುತ್ತಿತ್ತು.

“ಏನು ಕಾಣ್ತಪ್ಪ?” ಎಂದರು ಮೇಡಂ.

“ಏನೂ ಕಾಣಲ್ಲ ಮೇಡಂ. ಕೈ ಒಳಗವೆ.”

“ಅದೇ ನಿನ್ನ ಕ್ಲಾಸು. ಒಬ್ಬೊಬ್ಬರೂ ಒಂದೊಂದು ಟವೆಲ್ ಹೊದ್ದುಕೊಂಡೇ ಬಂದು ಕೂತಿರ್ತಾರೆ. ಒಳಗೆ ಏನು ನಡೀತಿದೆ ಅಂತ ನಿನಗೆ ಗೊತ್ತಾಗ್ಬೇಕಾಗಿಲ್ಲ. ಟವೆಲ್ ಎಳೀಬೇಡ.”

ವಾಪಸು ಬರುವಾಗ ಬಸ್ಸಿನಲ್ಲಿ ಮೂರು ಮಾತು ಹೇಳಿದರು. ಪುಸ್ತಕ ಹಿಡಿದು ಕ್ಲಾಸಿಗೆ ಹೋಗಬೇಡ. ಮಕ್ಕಳ ಅಪ್ಪನ ಕೆಲಸ ಏನೆಂದು ಮೊದಲ ದಿನ ಕೇಳಬೇಡ. ಮೂರನೆಯದನ್ನು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು: “ಮನೆದೇವರು ಯಾವುದು ಅಂತ ಎಂದೂ ಕೇಳಬೇಡ.”

ಗೋಪಿಗೆ ಇದೊಂದು ವಿಚಿತ್ರವೆನಿಸಿತು. ಅವನ ಕಡೆ ಇಬ್ಬರು ಅಪರಿಚಿತರು ಬಸ್ಸಿನಲ್ಲಿ ಪಕ್ಕ ಕೂತರೆ, ಊರು ಕೇಳಿದ ಮೇಲೆ ಕೇಳುವ ಮಾತೇ ಅದು. ಮನೆದೇವರು ಒಂದೇ ಆದರೆ ಅಣ್ಣತಮ್ಮಂದಿರು, ಕೂಡಲೇ ಊಟಕ್ಕೆ ಕರೆಯಬಹುದು. ಬೇರೆ ಬೇರೆಯಾದರೆ ಹೆಣ್ಣು ಕೊಟ್ಟು ತರುವ ಮಾತಾಡಬಹುದು. ಇದರಲ್ಲಿ ಮುಚ್ಚಿಡುವುದೇನು? ಪೇಟೆಯವರಿಗೆ ಗೊತ್ತಾಗಲಿಕ್ಕಿಲ್ಲ ಎಂದುಕೊಂಡ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ ತಲೆಗೆ ಬೇಕಾದಷ್ಟು ಜಂಬ ಅವನಲ್ಲಿ ತುಂಬಿತ್ತು.

ರಕ್ತಸಂಬಂಧದ ಪಾಠವನ್ನು ಅಲ್ಲಿಯವರೆಗೆ ಮೇಡಂ ತಾವೇ ಮಾಡುತ್ತಿದ್ದರು. ಉದಾಹರಣೆಗೆ ತಮ್ಮ ಮನೆಯನ್ನೇ ಬೋರ್ಡಿನ ಮೇಲೆ ಬರೆಯುತ್ತಿದ್ದರು: ಗಂಡ, ಅತ್ತೆ, ನಾದಿನಿ, ನಾದಿನಿಯ ಮಕ್ಕಳು. ತಂದೆಯ ಗುರುತಿಗೆ ಒಂದು ತ್ರಿಕೋನ ಹಾಕಿ, ಅದರಿಂದ ತಮ್ಮತ್ತ ಗೆರೆ ಎಳೆಯದೆ ಬಿಡುತ್ತಿದ್ದರು. ಈ ವರ್ಷ ನಿವೃತ್ತಿ ಹತ್ತಿರವಾಯಿತೆಂದು ಪಾಠವನ್ನು ಗೋಪಿಗೆ ಬಿಟ್ಟುಕೊಟ್ಟರು.

ಊಟದ ನಂತರದ ಪೀರಿಯಡ್. ಫ್ಯಾನು ತಿರುಗುವುದಕ್ಕಿಂತ ಹೆಚ್ಚಾಗಿ ನರಳುತ್ತಿತ್ತು. ಒಂದೇ ಕುಲದೊಳಗೆ ಮದುವೆ ಯಾಕೆ ಆಗುವುದಿಲ್ಲ ಎಂಬುದನ್ನು ಗೋಪಿ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ವಿವರಿಸಿದ. ಕ್ಲಾಸು ಆಕಳಿಸಿತು. ಅತಿಥಿ ಉಪನ್ಯಾಸಕನಿಗೆ ಆಕಳಿಕೆಯೆಂದರೆ ಕೆಲಸ ಹೋಗುವ ಮುನ್ಸೂಚನೆ. ಗಾಬರಿಯಲ್ಲಿ, “ಸರಿ, ನಮ್ಮ ಮನೆದೇವ್ರು ಮುತ್ತತ್ತಿ ಗುಡ್ಡದ ಮುನಿಯಪ್ಪ. ನಿಮ್ಮದು ಯಾವುದು? ಒಬ್ಬೊಬ್ಬರೇ ಹೇಳಿ” ಎಂದ.

ಕ್ಲಾಸು ಎದ್ದು ಕೂತಿತು. ಒಂದೊಂದು ಬೆಂಚಿನಿಂದ ಒಂದೊಂದು ದೇವರು ಬಂತು. ಗುಂಡುತೋಪಿನ ಅಮ್ಮ, ಕೆರೆ ಏರಿಯ ಕರಿಯಣ್ಣ, ಎಲ್ಲೋ ಬೇಲಿಯೊಳಗಿನ ಏಳು ಕನ್ನಿಯರು. ನಗು, ಚಪ್ಪಾಳೆ, ಕಿಚಾಯಿಸಾಟ. ಗೋಪಿ ತನ್ನನ್ನೇ ಮೆಚ್ಚಿಕೊಂಡ. ಪೆನ್ನಾಗರಂ ಆಚೆಯ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ರೋಜಾಳ ಸರದಿ ಬಂತು. ಅವಳು ಎದ್ದು ನಿಂತು ಸ್ವಲ್ಪ ತಡೆದಳು.

“ಹೇಳಮ್ಮಾ.”

“ಹಳ್ಳದ ಬೀರಪ್ಪ ಸಾರ್.”

ಗಂಡುಹುಡುಗರ ಕಡೆ ಸರವಣನ್ ಎಂಬ ಹುಡುಗ ತಲೆ ತಗ್ಗಿಸಿ ಕೂತಿದ್ದ. ಅವರ ಮನೆಯವರು ಹಿಂದೆಯೇ ಸೇಲಂನ ನೂಲಿನ ಗಿರಣಿಗೆ ಕೆಲಸಕ್ಕೆ ಹೋದವರು. ಅವನು ಮಾತಾಡುವುದೆಲ್ಲ ತಮಿಳೇ. ಪಕ್ಕದಲ್ಲಿದ್ದ ಪೆರುಮಾಳ್, ಹುಡುಗಾಟಕ್ಕೆ, ಅವನ ಕೈ ಹಿಡಿದು ಮೇಲೆತ್ತಿದ. “ಸಾರ್, ಇವನುಕ್ಕುಂ ಅದೇ ಸಾಮಿ ದಾನ್!” ಇವನಿಗೂ ಅದೇ ದೇವರಂತೆ.

ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಗೋಪಿ ಬೋರ್ಡಿನ ಮೇಲೆ ಗಂಡಿಗೊಂದು ತ್ರಿಕೋನ, ಹೆಣ್ಣಿಗೊಂದು ವೃತ್ತ ಬರೆದು, ಮೇಲಿಂದ ಎರಡಕ್ಕೂ ಒಂದೇ ಗೆರೆ ಎಳೆದ. “ನೋಡಿ, ಊರು ಬೇರೆ, ಮಾತು ಬೇರೆ. ಆದರೂ ಇವರಿಬ್ಬರೂ ಅಣ್ಣ ತಂಗಿ. ಇವರ ನಡುವೆ ಮದುವೆ ಅನ್ನೋದು ಇಲ್ಲವೇ ಇಲ್ಲ.”

ನಗು ಬರಲೆಂದು ಕಾದ. ಬರಲಿಲ್ಲ. ಪೆರುಮಾಳನ ಕೈ ತಾನಾಗಿ ಕೆಳಗಿಳಿಯಿತು. ಹುಡುಗಿಯರೆಲ್ಲ ಡೆಸ್ಕು ನೋಡುತ್ತಿದ್ದರು. ರೋಜಾ ನಿಂತೇ ಇದ್ದಳು. ಕೂರು ಎಂದು ಯಾರೂ ಹೇಳಿರಲಿಲ್ಲ. ಮೂರನೆಯ ಬೆಂಚಿನಲ್ಲಿದ್ದ, ರೋಜಾಳ ಊರಿನದೇ ಹುಡುಗನೊಬ್ಬ ಮೆಲ್ಲಗೆ ಜೇಬಿನಿಂದ ಫೋನು ತೆಗೆದ. ಆ ಇಬ್ಬರ ಪ್ರೀತಿಯ ವಿಷಯ ಇಡೀ ಕ್ಲಾಸಿಗೆ ಗೊತ್ತಿತ್ತು. ಗೊತ್ತಿಲ್ಲದವನು ಬೋರ್ಡಿನ ಮುಂದೆ ಚಾಕ್‌ಪೀಸ್ ಹಿಡಿದು ನಿಂತಿದ್ದವನೊಬ್ಬನೇ.

ಬಾಗಿಲಲ್ಲಿ ತುಂಗಾಬಾಯಿ ಬಂದು ನಿಂತಿದ್ದರು. ಗಲಾಟೆ ಕೇಳಿದರೆ ಅವರು ಎಂದೂ ಬರುತ್ತಿರಲಿಲ್ಲ; ಗಲಾಟೆ ಒಮ್ಮೆಲೇ ನಿಂತುಹೋದರೆ ಬರುತ್ತಿದ್ದರು. ಬೋರ್ಡು ನೋಡಿದರು. ಒಳಗೆ ಬಂದು ಡಸ್ಟರ್ ತೆಗೆದುಕೊಂಡು ಒರೆಸಿ, “ಕೂತ್ಕೋ ರೋಜಾ” ಎಂದರು. ಗೋಪಿಯತ್ತ ನೋಡದೆ ಹೊರಟುಹೋದರು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಹತ್ತಿದ ಬಸ್ಸಿಗಿಂತ ಮೊದಲೇ ಮಾತು ಪೆನ್ನಾಗರಂ ಮುಟ್ಟಿತ್ತು. ಅವ್ವ ಮುತ್ತಮ್ಮ ಹಟ್ಟಿ ಮುಂದೆ ಕುರಿಮರಿಗೆ ಸೊಪ್ಪು ಕಟ್ಟುತ್ತಾ, ತಲೆಯೆತ್ತದೆ ಕೇಳಿದಳು.

“ಏನ್ಲಾ, ನಿಮ್ ಕಾಲೇಜ್ನಾಗೆ ಬೀರಪ್ಪನ ಒಕ್ಲು ಮಕ್ಳೆರಡು ಜೋಡಿ ಆಗವಂತಲ್ಲ? ಸಾರೇ ಇಡ್ಕೊಟ್ರಂತೆ, ಅಂತವ್ರೆ.”

“ನಾನೇನ್ ಇಡ್ಕೊಡ್ಲಿಲ್ಲ ಕಣವ್ವ. ಪಾಠ ಮಾಡ್ದೆ.”

“ಒಳ್ಳೆ ಪಾಠ.” ಸೊಪ್ಪಿನ ಕಟ್ಟಿಗೆ ಗಂಟು ಬಿಗಿದಳು. “ನಮ್ ಕಾಲ್ದಾಗೂ ಒಬ್ಳು ಇಂಗೇ ಮಾಡ್ಕಂಡಿದ್ಲು. ನಾಕ್ ದಿನ ನೆಂಟ್ರ ಮನೇಲಿ ಇದ್ದು ಬರ್ಲಿ ಅಂತ ಅವ್ಳ ದೊಡ್ಡಪ್ಪ ಕರ್ಕಂಡೋದ. ಒಳ್ಳೆ ಸೀರೆ ಉಡ್ಸಿ, ತಲೆ ಬಾಚಿ ಕಳ್ಸಿದ್ರು.”

“ಆಮ್ಯಾಕೆ?”

“ಬರ್ನಿಲ್ಲ.”

“ಯಾವ ನೆಂಟ್ರ ಮನೆಗೆ ಓಗಿದ್ಲು?”

“ಯಾರೂ ಕೇಳ್ನಿಲ್ಲ ಕಣ್ಲಾ,” ಎಂದು ಮುತ್ತಮ್ಮ ಮರಿಯ ಬೆನ್ನು ತಟ್ಟಿ ಒಳಗೆ ಹೋದಳು.

ಮರುದಿನ ಕಾಲೇಜಿನ ಎದುರಿನ ಟೀ ಅಂಗಡಿಯಲ್ಲಿ ಒಂದು ಬೈಕು ನಿಂತಿತ್ತು, ಅದರ ಮೇಲೆ ಇಬ್ಬರು. ಟೀ ಕುಡಿದರು, ಗೇಟು ನೋಡಿದರು, ಮತ್ತೆ ಟೀ ಕುಡಿದರು. ಅದರ ಮರುದಿನವೂ ಬಂದರು. ಯಾರನ್ನೂ ಮಾತಾಡಿಸಲಿಲ್ಲ, ಯಾರ ಮೇಲೂ ಕೂಗಾಡಲಿಲ್ಲ. ಸರವಣನ್ ಕ್ಲಾಸಿಗೆ ಬರುವುದು ನಿಂತಿತು; ಅವನ ಅಪ್ಪ ಬಂದು, ಯಾರ ಮುಖವನ್ನೂ ನೋಡದೆ, ಸೇಲಂಗೆ ಕರೆದುಕೊಂಡು ಹೋಗಿದ್ದ. ಅವನ ಫೋನು ಸ್ವಿಚ್ ಆಫ್. ರೋಜಾಳ ಫೋನಿಗೆ ಮನೆಯಿಂದ ಕರೆಯೇ ಬರುತ್ತಿರಲಿಲ್ಲ. ದಿನಾ ಸಂಜೆ ಮಾಡುವ ಅವ್ವ ಕೂಡ ಮಾಡಲಿಲ್ಲ. ಅವಳಿಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಅದೇ.

ಮೂರನೆಯ ದಿನ ಬೆಳಿಗ್ಗೆ ಮೇಡಂ ಗೋಪಿಯನ್ನು ಕರೆದರು. “ಕೊಯಮತ್ತೂರಲ್ಲಿ ಪ್ರಣತಿ ಇದಾಳೆ. ನಿನ್ನ ಹಾಗೇ ಇಲ್ಲಿ ನನ್ನ ಕೈಯಲ್ಲಿ ತಯಾರಾದವಳು. ಈಗ ಅಲ್ಲಿ ಹಾಸ್ಟೆಲ್ ಅವಳದೇ ಜವಾಬ್ದಾರಿ. ಮಾತಾಡಿದೀನಿ. ರೋಜಾಗೆ ಹದಿನೆಂಟು ದಾಟಿದೆ, ಅವಳೇ ಹೋಗ್ತೀನಿ ಅಂದಿದಾಳೆ. ಯಜಮಾನರು ಕರ್ಕೊಂಡು ಹೋಗ್ತಾರೆ. ಮೊರಪ್ಪೂರಿನ ರೈಲು ಸ್ಟೇಷನ್ ತನಕ ನೀನೂ ಜೊತೆಗಿರು.”

“ಪೊಲೀಸ್‌ಗೆ ಹೇಳೋದಲ್ವಾ ಮೇಡಂ?”

“ಹೇಳಿದೀನಿ. ಏನಾದ್ರೂ ಆದ್ರೆ ತಿಳಿಸಿ ಅಂದ್ರು.”

ಹಾಸ್ಟೆಲಿನ ಹಿಂಬಾಗಿಲಿಂದ ಆಟೋ ಹೊರಟಿತು. ವೆಂಕಟರಾಮ ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡಿದ್ದರು. ದಿನಾ ಹೆಂಡತಿಗೆ ತರುವ ಡಬ್ಬಿ, ಇವತ್ತು ಹುಡುಗಿಗೆ. ಗೋಪಿ ದಾರಿಯುದ್ದಕ್ಕೂ ಹಿಂದೆ ತಿರುಗಿ ತಿರುಗಿ ನೋಡಿದ. ಪ್ರತಿ ಬೈಕೂ ದಾಟಿ ಮುಂದೆ ಹೋಯಿತು. ಮೊರಪ್ಪೂರಿನ ಪ್ಲಾಟ್‌ಫಾರಂನಲ್ಲಿ ರೈಲು ಬರುವ ಸದ್ದು ಕೇಳಿದ ಮೇಲೆ ಗೋಪಿ, “ರೋಜಾ, ನಂಗೆ ಗೊತ್ತಿರ್ಲಿಲ್ಲ” ಎಂದ.

“ಗೊತ್ತು ಸಾರ್,” ಎಂದಳು. “ನೀವ್ ಕೇಳ್ದಾಗ ಬ್ಯಾರೆ ಎಸ್ರು ಏಳ್ಬೋದಾಗಿತ್ತು. ಬಾಯ್‌ಗೆ ಬಂದಿತ್ತು. ಮನೆದೇವ್ರ ಎಸ್ರು ಸುಳ್ಳು ಏಳಾಕಾಗ್ನಿಲ್ಲ.”

ರೈಲು ಹೊರಟ ಮೇಲೂ ಅವನು ಅಲ್ಲೇ ನಿಂತಿದ್ದ. ಸ್ಟೇಷನ್ನಿನ ಆಚೆ ಬೇಲಿಯ ಬಳಿ ಯಾರೋ ಬೈಕಿನ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. ಯಾರೋ ಇರಬಹುದು. ಯಾರ ಜೊತೆಗೋ ಇರಬಹುದು.

ಅವನು ಕಾಲೇಜಿಗೆ ಮರಳುವಷ್ಟರಲ್ಲಿ ಅವರು ಬಂದು ಕೂತಿದ್ದರು.

ರೋಜಾಳ ದೊಡ್ಡಪ್ಪ ಅಣ್ಣಯ್ಯಪ್ಪ ಮೇಡಂ ಎದುರಿನ ಕುರ್ಚಿಯಲ್ಲಿದ್ದರು. ಬಿಳಿ ಅಂಗಿ, ಬಿಳಿ ಪಂಚೆ, ಹಣೆಗೆ ವಿಭೂತಿ. ಮಾತು ಎಷ್ಟು ಮೆತ್ತಗೆಂದರೆ ಮುಂದಕ್ಕೆ ಬಾಗಿ ಕೇಳಬೇಕು. ಅಪ್ಪ ಕುಪ್ಪಸ್ವಾಮಿ ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದ. ರಾತ್ರಿಯೆಲ್ಲ ಅತ್ತವನ ಕಣ್ಣು. ಬೈಕಿನ ಇಬ್ಬರು ಹೊರಗೆ ಬೇವಿನ ಮರದಡಿಯಲ್ಲಿದ್ದರು.

“ಇವ್ರೇನಾ ಗೋಪಿ ಸಾರು?” ಅಣ್ಣಯ್ಯಪ್ಪ ಎದ್ದು ಕೈಮುಗಿದರು. “ಮುತ್ತಮ್ಮನ ಮಗ ಅಲ್ವಾ? ನಿಮ್ ಅಟ್ಟಿ ಗೊತ್ತು ನಂಗೆ. ನಮ್ಮೋರೇ. ಒಳ್ಳೇದ್ ಮಾಡಿದ್ರಿ ಸಾರ್. ನೀವ್ ಕೇಳ್ದೆ ಓಗಿದ್ರೆ ನಮ್ಗೆ ಗೊತ್ತೇ ಆಗ್ತಿರ್ನಿಲ್ಲ. ಮಾನ ಉಳ್ಸಿದ್ರಿ.” ಕಾಲ ಬಳಿಯಿದ್ದ ಚೀಲ ತೆಗೆದು ಅವನ ಕೈಗಿಟ್ಟರು. ಹಸಿ ಕಡಲೆಕಾಯಿ. “ನಮ್ ಒಲದ್ದು. ಅವ್ವನ್ಗೆ ಕೊಡಿ.”

ಚೀಲಕ್ಕೆ ಮಣ್ಣಿನ ವಾಸನೆ ಇತ್ತು. ಬೇಡ ಎನ್ನುವುದು ಹೇಗೆಂದು ಗೋಪಿಗೆ ತಿಳಿಯಲಿಲ್ಲ. ಕೆಳಗಿಡಲೂ ಆಗದೆ ಎದೆಗೆ ಅವಚಿಕೊಂಡು ನಿಂತ. ಅವನ ಉದ್ಯೋಗ ಜೀವನದಲ್ಲಿ ಮೊದಲ ಸಲ ಒಬ್ಬ ಪೋಷಕರು ಅವನ ಪಾಠವನ್ನು ಹೊಗಳಿದ್ದರು.

ಅಣ್ಣಯ್ಯಪ್ಪ ಮೇಡಂ ಕಡೆ ತಿರುಗಿದರು. “ಮಗೀನ ಕಳ್ಸಿಕೊಡಿ ಮೇಡಂ. ಬೈಯಾಕಿಲ್ಲ, ಒಡಿಯಾಕಿಲ್ಲ. ಮನ್ಸು ತಿಳಿಯಾಗ್ಲಿ, ನಾಕ್ ದಿನ ನೆಂಟ್ರ ಮನೇಲಿ ಇದ್ದು ಬರ್ಲಿ.”

ಗೋಪಿಯ ಕೈಯಲ್ಲಿ ಚೀಲ ಸರಕ್ಕೆಂದಿತು. ಅವನು ಮೇಡಂ ಮುಖ ನೋಡಿದ. ಬಾಯಿ ಬಿಡಬೇಕಾದ ಗಳಿಗೆ ಇದೊಂದೇ ಎಂದು ಅನಿಸಿತು. ಆ ಬಾಯಿ ಈಗ ಒಣಗಿ ಅಂಟಿಕೊಂಡಿತ್ತು.

“ಯಾವ ನೆಂಟರು?” ಎಂದರು ತುಂಗಾಬಾಯಿ.

“ನಮ್ ನೆಂಟ್ರು.”

“ಊರು ಹೇಳಿ. ಮನೆಯವರ ಹೆಸರು ಹೇಳಿ. ನಾನೂ ಬಂದು ಬಿಟ್ಟು ಬರ್ತೀನಿ.”

ಅಣ್ಣಯ್ಯಪ್ಪ ಊರು ಹೇಳಲಿಲ್ಲ. ಗೋಡೆಯ ಬಳಿ ಕುಪ್ಪಸ್ವಾಮಿ ಒಮ್ಮೆ ತಲೆಯೆತ್ತಿ ಅಣ್ಣನ ಬೆನ್ನು ನೋಡಿ ಮತ್ತೆ ತಗ್ಗಿಸಿದ. ಹೊರಗೆ ಬೈಕಿನವರಲ್ಲೊಬ್ಬ ಹಾರನ್ ಒತ್ತಿದ, ಒಂದೇ ಸಲ.

“ಉಡ್ಗಿ ಎಲ್ಲವ್ಳೆ ಮೇಡಂ?”

“ಹೇಳಲ್ಲ.”

“ಇಲ್ಲಿ ಇಲ್ವಾ?”

“ಇಲ್ಲ. ಅವಳು ಓದು ನಿಲ್ಲಿಸಲ್ಲ. ಅವಳಿಗೆ ಏನಾದ್ರೂ ಆದ್ರೆ ಯಾರ ಹೆಸರು ಹೇಳಬೇಕು ಅನ್ನೋದು ನನಗೆ ಗೊತ್ತು, ಪ್ರಣತಿಯಂಥ ನನ್ನ ಮಕ್ಕಳಿಗೆಲ್ಲ ಗೊತ್ತು. ಇಲ್ಲಿ ಕಲಿತು ಹೋದವರು ಬೇಕಾದಷ್ಟು ಊರಲ್ಲಿದಾರೆ.” ಹೇಳಿದ ಮೇಲೆ ಮೇಡಂ ಮೇಜಿನ ಅಂಚು ಹಿಡಿದುಕೊಂಡರು. ಒಂದು ಹೆಸರನ್ನು ಆಡಿಬಿಟ್ಟೆನೆಂದು ಅವರಿಗೆ ಆಗಲೇ ಹೊಳೆದಿರಬೇಕು. ಅಣ್ಣಯ್ಯಪ್ಪ ಆ ಹೆಸರನ್ನು ತುಟಿಯಲ್ಲೇ ಒಮ್ಮೆ ಉಚ್ಚರಿಸಿ ನೋಡಿದಂತಿತ್ತು.

ಅವರು ಸಿಟ್ಟಾಗಲಿಲ್ಲ. ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಬಾಗಿಲ ತನಕ ಹೋಗಿ, ಏನೋ ನೆನಪಾದವರಂತೆ ತಿರುಗಿ ನಿಂತರು. ದನಿ ಮೊದಲಿನಷ್ಟೇ ಮೆತ್ತಗೆ.

“ಒಂದ್ ಮಾತು ಕೇಳ್ತೀನಿ, ತಪ್ ತಿಳ್ಕಬ್ಯಾಡಿ ಮೇಡಂ. ನಿಮ್ಮೋರಾಗೂ ಗೋತ್ರ ಅಂತ ಐತಲ್ಲ. ಒಂದೇ ಗೋತ್ರದೋನ್ನ ಕಟ್ಕಂಡು ನೀವು ಮನೆ ಬಾಗ್ಲಿಗೆ ಓಗಿದ್ರೆ, ನಿಮ್ಮಪ್ಪ ಏನ್ ಮಾಡ್ತಿದ್ರು?”

ತುಂಗಾಬಾಯಿ ಕನ್ನಡಕ ತೆಗೆದರು. ಗೋಪಿ ಅವರು ಒರೆಸಿಕೊಳ್ಳುತ್ತಾರೆಂದು ಕಾದ. ಒರೆಸಲಿಲ್ಲ, ಮೇಜಿನ ಮೇಲಿಟ್ಟರು.

“ಹೋಗಿದ್ದೆ,” ಎಂದರು. “ನಮ್ಮ ಯಜಮಾನರದ್ದೂ ನಂದೂ ಒಂದೇ ಗೋತ್ರ. ನಮ್ಮಪ್ಪ ಸಾಯೋತನಕ ನನ್ನ ಮುಖ ನೋಡಲಿಲ್ಲ. ನೀವೂ ಅಷ್ಟೇ ಮಾಡಿ. ಅದಕ್ಕಿಂತ ಜಾಸ್ತಿ ಏನೂ ಮಾಡಬೇಡಿ.”